ಸೊಂಟದಲ್ಲಿ ಮಚ್ಚು, ಮನಸ್ಸಿನಲ್ಲಿ ಪಿಸ್ತೂಲು

ಬೆಂಗಳೂರಿನಿಂದ ಅರಸೀಕೆರೆ ಕಡೆಗೆ ಹೋಗುವ ರೈಲು ಹಾದಿಯಲ್ಲಿ ಗುಬ್ಬಿ, ನಿಟ್ಟೂರು ದಾಟಿದ ಮೇಲೆ ಸಂಪಿಗೆ ರೋಡ್ ಎಂಬ ಪುಟ್ಟ ಸ್ಟೇಷನ್ ಸಿಗುತ್ತದೆ. ಎಕ್ಸ್‌ಪ್ರೆಸ್ ಗಾಡಿಗಳಲ್ಲಿ ಹೋಗುವವರಿಗೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದೆ ಸರಿದುಹೋಗುವ ಒಂದು ಹಳದಿ ಫಲಕ. ಮುಂದೆ ಸಿಮೆಂಟಿನಿಂದ ಹೆಸರಾದ ಅಮ್ಮಸಂದ್ರ, ಅದರಾಚೆ ಅರಳಗುಪ್ಪೆ, ಆಮೇಲೆ ಕೊಬ್ಬರಿಯ ತಿಪಟೂರು. ಎರಡೂ ಬದಿಗೆ ತೆಂಗು, ತೆಂಗು, ಮತ್ತೆ ತೆಂಗು. ನಡುವೆ ಒಂದು ರಾಗಿ ಹೊಲ, ಒಂದು ಒಣಗಿದ ಕೆರೆ ಅಂಗಳ, ಮತ್ತೆ ತೆಂಗು. ಸಂಪಿಗೆ ಎಂಬ ಊರಿನ ಹೆಸರು ಹೂವಿನದಾದರೂ ಅಲ್ಲಿ ಬದುಕು ನಡೆಸುವುದು ಕಾಯಿ.

ಬೆಳಿಗ್ಗೆ ಆರೂವರೆ ಏಳರ ಹೊತ್ತಿಗೆ ತುರುವೇಕೆರೆ ತಾಲ್ಲೂಕಿನ ಈ ಸೀಮೆಯ ಯಾವುದೇ ಊರಬಾಗಿಲಲ್ಲಿ ನಿಂತರೆ, ಹಾದುಹೋಗುವವರ ಸೊಂಟ ನೋಡಿಯೇ ಯಾರು ಯಾವ ಕೆಲಸಕ್ಕೆ ಹೊರಟಿದ್ದಾರೆ ಎಂದು ಹೇಳಬಹುದು. ಮರ ಹತ್ತುವವನ ಬೆನ್ನ ಹಿಂದೆ, ಸೊಂಟದ ಹಗ್ಗಕ್ಕೆ ಸಿಕ್ಕಿಸಿದ ಮಚ್ಚು. ಮೇವಿಗೆ ಹೊರಟ ಹೆಂಗಸಿನ ಸೆರಗಿನ ಮಗ್ಗುಲಲ್ಲಿ ಕುಡುಗೋಲು. ಹೆಗಲ ಮೇಲೆ ದೋಟಿ ಹೊತ್ತವನು ಮರ ಹತ್ತದೆಯೇ ಕಾಯಿ ಕೀಳುವವನು. ಎಳನೀರು ಮಾರುವವನ ಮಚ್ಚಂತೂ ಕನ್ನಡಿಯ ಹಾಗೆ ಹೊಳೆಯುತ್ತದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವನ ಕೈಚೀಲದಿಂದ ಅಂಥದೊಂದರ ಹಿಡಿ ಇಣುಕಿದರೆ ಯಾರೂ ಬೆಚ್ಚುವುದಿಲ್ಲ. ಕಂಡಕ್ಟರು "ಚೂಪು ಆ ಕಡೆ ತಿರುಗಿಸ್ಕೊಳ್ಳಣ್ಣ" ಅಂದಾನು, ಅಷ್ಟೆ.

ದೇಶದ ಕಾನೂನೂ ಹೀಗೆಯೇ ನೋಡುತ್ತದೆ. 1959ರ ಆಯುಧ ಕಾಯ್ದೆ 'ಆಯುಧ' ಎಂದರೆ ಏನು ಎಂದು ವಿವರಿಸುವಾಗ, ಕೇವಲ ಮನೆಬಳಕೆಗೆ ಅಥವಾ ಬೇಸಾಯಕ್ಕೆಂದೇ ಮಾಡಿದ ವಸ್ತುಗಳನ್ನು, ಲಾಠಿ ಮತ್ತು ಊರುಗೋಲುಗಳನ್ನು ಸೇರಿಸಿ, ಹೊರಗಿಟ್ಟಿದೆ. ಮಕ್ಕಳ ಆಟಿಕೆಗೂ ಅಲ್ಲಿ ವಿನಾಯಿತಿ ಇದೆ. ಮಚ್ಚು ಎಲ್ಲರ ಕಣ್ಣಿಗೂ ಕಾಣುತ್ತದೆ, ಅದು ಯಾಕೆ ಇದೆ ಎಂಬುದು ಎಲ್ಲರಿಗೂ ಗೊತ್ತಿದೆ. ಕಾಣದಂತೆ ಇಟ್ಟುಕೊಳ್ಳಬೇಕಾದ ಆಯುಧದ ಮಾತು ಬೇರೆ. ಆ ಮಾತು ಈ ತೋಟಗಳ ನಡುವೆ ಈಚಿನ ವರ್ಷಗಳಲ್ಲಿ ಆಗಾಗ ಕೇಳಿಬರುತ್ತದೆ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ, ತೋಟದ ಮನೆಯ ಅಟ್ಟ ಹತ್ತಿದರೆ ಸಾಕು. ತಿಪಟೂರು ಕಡೆಯ ಉಂಡೆ ಕೊಬ್ಬರಿ ಅವಸರದ ಸರಕಲ್ಲ. ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟದ ಮೇಲೆ ಹರಡಿ, ಹೆಚ್ಚು ಕಡಿಮೆ ಒಂದು ವರ್ಷ ಹಾಗೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಗುಡುಗುಡು ಎನ್ನುವ ತನಕ ಕಾಯಬೇಕು. ಅಂದರೆ ವರ್ಷದ ದುಡಿಮೆ ಪೂರ್ತಿ ತಲೆಯ ಮೇಲೇ ಇರುತ್ತದೆ. ಬ್ಯಾಂಕಿನಲ್ಲಿ ಇಟ್ಟ ಹಣವಲ್ಲ ಅದು, ಹೊತ್ತುಕೊಂಡು ಹೋಗಬಹುದಾದ ಹಣ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,100 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿತ್ತು. ಆ ಲೆಕ್ಕದಲ್ಲೇ ಹತ್ತು ಕ್ವಿಂಟಲ್ ಕೊಬ್ಬರಿ ಒಂದು ಲಕ್ಷ ಇಪ್ಪತ್ತೊಂದು ಸಾವಿರ. ಅದೇ ವರ್ಷ ಮಾರುಕಟ್ಟೆ ದರ ಬೆಂಬಲ ಬೆಲೆಯ ಎರಡರಷ್ಟನ್ನೂ ಮೀರಿ ಹೋಯಿತು. ಬೆಲೆ ಏರಿದಾಗ ರೈತ ನಗುತ್ತಾನೆ, ಆದರೆ ರಾತ್ರಿ ನಿದ್ದೆ ಮಾಡುವುದಿಲ್ಲ. ಕಾಯಿ ಕಳವು, ಕೊಬ್ಬರಿ ಕಳವು ಎಂಬ ಸುದ್ದಿಗಳು ಬೆಲೆಯ ಹಿಂದೆಯೇ ನಡೆದುಬರುತ್ತವೆ.

ಇದರ ಜೊತೆಗೆ ಇನ್ನೊಂದು ಬದಲಾವಣೆ ಇದೆ. ಒಂದು ತಲೆಮಾರಿನ ಹಿಂದೆ ತೋಟದ ಮನೆಯಲ್ಲಿ ಅಣ್ಣತಮ್ಮಂದಿರು, ಸೊಸೆಯರು, ಆಳುಕಾಳು ಎಂದು ಹತ್ತು ಹನ್ನೆರಡು ಜನ ಇರುತ್ತಿದ್ದರು. ಈಗ ಮಗ ತುಮಕೂರಿನಲ್ಲಿ ಎಂಜಿನಿಯರಿಂಗ್, ಮಗಳು ಬೆಂಗಳೂರಿನ ಪಿ.ಜಿ.ಯಲ್ಲಿ. ತೋಟದ ನಡುವಿನ ಮನೆಯಲ್ಲಿ ಅಪ್ಪ, ಅಮ್ಮ, ಒಂದು ನಾಯಿ. ಹಾಸ್ಟೆಲಿನಲ್ಲಿ ಕೂತ ಮಗ ಮೊಬೈಲಿನಲ್ಲಿ ಯಾವುದೋ ಸುಲಿಗೆಯ ಸುದ್ದಿ ಓದಿ ಗಾಬರಿಯಿಂದ ಫೋನು ಮಾಡುತ್ತಾನೆ: "ಅಪ್ಪಾಜಿ, ಲೈಸೆನ್ಸ್ ಮಾಡಿಸಿ ಒಂದು ಸಣ್ಣ ಪಿಸ್ತೂಲಾದ್ರೂ ಇಟ್ಕೊಳ್ಳಿ." ಅಪ್ಪ ನಕ್ಕು ಸುಮ್ಮನಾಗುವುದೂ ಉಂಟು, ನಗದೆ ಆ ಮಾತನ್ನೇ ಮೆಲುಕು ಹಾಕುವುದೂ ಉಂಟು. ತಿಪಟೂರಿಗೂ ತೋಟಕ್ಕೂ ಓಡಾಡುವ ಕೊಬ್ಬರಿ ವ್ಯಾಪಾರಿಗಂತೂ ಈ ಯೋಚನೆ ಹೊಸದಲ್ಲ.

ಸಂಪಿಗೆಯಲ್ಲಿ ಆಯುಧದ ಮಾತು ಬಂದರೆ ಮೊದಲು ಸುಧನ್ವನ ಹೆಸರು ಬರಬೇಕು. ಊರಿನ ಶ್ರೀನಿವಾಸ ದೇವಾಲಯಕ್ಕೆ ಬರುವ ಯಾತ್ರಿಕರಿಗೆ ಹಿರಿಯರು ಹೇಳುವ ಮೊದಲ ಮಾತು ಇದು ಹಂಸಧ್ವಜನ ಚಂಪಕಾಪುರ ಎಂಬುದು. ಹಳೆಯ ಮೈಸೂರು ಗ್ಯಾಸೆಟಿಯರಿನಲ್ಲೂ ಈ ಐತಿಹ್ಯ ದಾಖಲಾಗಿದೆ. ಲಕ್ಷ್ಮೀಶನ ಜೈಮಿನಿ ಭಾರತ ಓದಿದ ಅಥವಾ ಸುಧನ್ವ ಕಾಳಗದ ಯಕ್ಷಗಾನ ನೋಡಿದ ಹಿರಿಯರಿಗೆ ಕಥೆ ಗೊತ್ತು, ಮಕ್ಕಳಿಗೆ ಗೊತ್ತಿರಲಾರದು. ಧರ್ಮರಾಯನ ಅಶ್ವಮೇಧದ ಕುದುರೆ ಚಂಪಕಾಪುರಕ್ಕೆ ಬಂದಾಗ ಹಂಸಧ್ವಜ ಅದನ್ನು ಕಟ್ಟಿಹಾಕುತ್ತಾನೆ. ಯುದ್ಧಕ್ಕೆ ತಡವಾಗಿ ಬಂದವರನ್ನು ಕುದಿಯುವ ಎಣ್ಣೆಯ ಕೊಪ್ಪರಿಗೆಗೆ ಹಾಕುವುದಾಗಿ ಡಂಗುರ ಸಾರಿಸುತ್ತಾನೆ. ಹೆಂಡತಿ ಪ್ರಭಾವತಿಯ ಮಾತಿಗೆ ನಿಂತು ತಡವಾಗಿ ಬಂದವನು ಅವನ ಸ್ವಂತ ಮಗನೇ. ರಾಜನ ಮನಸ್ಸು ಹಿಂಜರಿದರೂ ಶಂಖ ಮತ್ತು ಲಿಖಿತ ಎಂಬ ಪುರೋಹಿತರು ಬಿಡುವುದಿಲ್ಲ. ಸುಧನ್ವನನ್ನು ಕೊಪ್ಪರಿಗೆಗೆ ಹಾಕುತ್ತಾರೆ, ಅವನು ಕೃಷ್ಣನನ್ನು ನೆನೆಯುತ್ತ ತಣ್ಣಗೆ ನಿಂತಿರುತ್ತಾನೆ. ಎಣ್ಣೆ ಕಾದೇ ಇಲ್ಲವೇನೋ ಎಂಬ ಸಂಶಯ ಪುರೋಹಿತರಿಗೆ. ಪರೀಕ್ಷೆಗೆ ಒಂದು ತೆಂಗಿನಕಾಯಿಯನ್ನು ಅದರೊಳಗೆ ಎಸೆಯುತ್ತಾರೆ. ಕಾಯಿ ಢಮಾರೆಂದು ಸಿಡಿದು ಎರಡು ಹೋಳಾಗಿ, ಒಂದು ಹೋಳು ಶಂಖನಿಗೆ, ಇನ್ನೊಂದು ಲಿಖಿತನಿಗೆ ಬಡಿಯುತ್ತದೆ!

ತೆಂಗಿನ ಸೀಮೆಗೆ ಇದಕ್ಕಿಂತ ಹೊಂದುವ ಕಥೆ ಬೇಕೆ? ಇಟ್ಟವರನ್ನೇ ಹುಡುಕಿಕೊಂಡು ಬಂದ ಮೊದಲ ಸಿಡಿಮದ್ದು ಈ ಊರಿನ ಪುರಾಣದಲ್ಲೇ ಇದೆ.

ಇನ್ನು ವಾಸ್ತವದ ಬಂದೂಕಿಗೆ ಬರೋಣ. ಈ ಸೀಮೆಯಲ್ಲಿ ಪರವಾನಗಿ ಇರುವ ಬಂದೂಕು ಎಂದರೆ ಬಹುಪಾಲು ಉದ್ದನೆಯ ಕೋವಿ. ಗೋಡೆಯ ಗೂಟಕ್ಕೋ ಬೀರುವಿನ ಹಿಂಭಾಗಕ್ಕೋ ಒರಗಿಕೊಂಡಿರುವ ಒಂಟಿ ನಳಿಗೆಯದು. ಹಂದಿ, ಕೋತಿ ಓಡಿಸಲು ಅದರ ಸದ್ದೇ ಸಾಕು. ಆಯುಧ ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿ ಈ ವ್ಯತ್ಯಾಸವನ್ನು ಸ್ಪಷ್ಟವಾಗಿಯೇ ಬರೆದಿದ್ದಾರೆ. ರಕ್ಷಣೆಗೋ ಕ್ರೀಡೆಗೋ ಬೇಕಾದ, ಇಪ್ಪತ್ತು ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ಸಾದಾ ಬಂದೂಕು ಒಂದು ಬಗೆ. ನಿಜವಾದ ಬೆಳೆ ರಕ್ಷಣೆಗಾದರೆ ಬಾಯಿಂದ ಮದ್ದು ತುಂಬುವ ಕೋವಿಯೂ ಇದೇ ಗುಂಪಿಗೆ ಸೇರುತ್ತದೆ. ಮಿಕ್ಕ ಬಂದೂಕುಗಳಿಗೆ, ಎಂದರೆ ಪಿಸ್ತೂಲು ರಿವಾಲ್ವರುಗಳಿಗೆ, ಅರ್ಜಿದಾರನಿಗೆ 'ತಕ್ಕ ಕಾರಣ' ಇದೆ ಎಂದು ಅಧಿಕಾರಿಗೆ ಮನವರಿಕೆಯಾಗಬೇಕು. ಉದ್ದನೆಯದನ್ನು, ಕಾಣುವಂಥದನ್ನು ಕಾನೂನು ಸುಲಭವಾಗಿ ನಂಬುತ್ತದೆ. ಗಿಡ್ಡನೆಯದನ್ನು, ಅಂಗಿಯೊಳಗೆ ಅಡಗುವಂಥದನ್ನು ಪ್ರಶ್ನೆ ಕೇಳದೆ ಬಿಡುವುದಿಲ್ಲ.

ಆ ಪ್ರಶ್ನೆ ಕೇಳುವ ಜಾಗ ತುಮಕೂರಿನ ಜಿಲ್ಲಾಧಿಕಾರಿಗಳ ಕಚೇರಿ. ಅರ್ಜಿ ಅಲ್ಲಿ ಸಲ್ಲಬೇಕು. ವಿಚಾರಣೆಗೆ ಅದು ಊರಿನ ಪೊಲೀಸ್ ಠಾಣೆಗೆ ಇಳಿದು ಮತ್ತೆ ಮೇಲೇರುತ್ತದೆ. 2016ರಲ್ಲಿ ಬಂದ ಹೊಸ ಆಯುಧ ನಿಯಮಗಳು, ವ್ಯಾಪಾರ ವೃತ್ತಿಗಳ ಸ್ವಭಾವದಿಂದಲೇ ಪ್ರಾಣಕ್ಕೂ ಆಸ್ತಿಗೂ ರಕ್ಷಣೆ ಬೇಕಾದವರನ್ನು ಪರಿಗಣಿಸಬಹುದು ಎನ್ನುತ್ತವೆ. ಹಾಗಾಗಿ ಕೊಬ್ಬರಿ ವ್ಯಾಪಾರಿ ಬಾಗಿಲು ತಟ್ಟಬಹುದು, ತೆರೆಯುತ್ತದೆಂಬ ಭರವಸೆ ಇಲ್ಲ. ಆರೋಗ್ಯದ ಪತ್ರ ಬೇಕು, ಬಂದೂಕನ್ನು ಸುರಕ್ಷಿತವಾಗಿ ಬಳಸಲು ಕಲಿತ ತರಬೇತಿಯ ಪತ್ರ ಬೇಕು. ವಯಸ್ಸು 21 ತುಂಬಿರಬೇಕು. ಹಾಸ್ಟೆಲಿನಿಂದ ಸಲಹೆ ಕೊಡುವ ಮಗನಿಗೆ ಹತ್ತೊಂಬತ್ತಾಗಿದ್ದರೆ ಅವನ ಹೆಸರಿನಲ್ಲಿ ಅರ್ಜಿ ಸಲ್ಲದು. ಇನ್ನೂ ಒಂದು ಸಂಗತಿ ತಂದೆ ಮಕ್ಕಳಿಬ್ಬರೂ ತಿಳಿದಿರಬೇಕು. ತೆಂಗಿನ ಮರ ಅಪ್ಪನಿಂದ ಮಗನಿಗೆ ಬರುತ್ತದೆ, ಬಂದೂಕು ತಾನಾಗಿ ಬರುವುದಿಲ್ಲ. ಪರವಾನಗಿ ವ್ಯಕ್ತಿಯದು. ಅವನು ತೀರಿಕೊಂಡರೆ ಆಯುಧ ಠಾಣೆಗೋ ಪರವಾನಗಿ ಪಡೆದ ಅಂಗಡಿಗೋ ಒಪ್ಪಿಸಬೇಕು, ಬೇಕೆಂದರೆ ವಾರಸುದಾರ ತನ್ನ ಹೆಸರಿಗೆ ಹೊಸದಾಗಿ ಅರ್ಜಿ ಹಾಕಬೇಕು. ತಿಥಿಯ ಓಡಾಟದಲ್ಲಿ ಅಟ್ಟದ ಪೆಟ್ಟಿಗೆಯಲ್ಲಿ ಮರೆತು ಉಳಿದ ಆಯುಧ ಒಳ್ಳೆಯ ಮನೆತನದವರನ್ನೂ ಕೋರ್ಟಿಗೆ ಎಳೆಯಬಲ್ಲದು. 2019ರ ತಿದ್ದುಪಡಿಯ ನಂತರ ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಂಡರೆ ಎರಡರಿಂದ ಐದು ವರ್ಷ ಜೈಲು. ಅದೇ ತಿದ್ದುಪಡಿ ಒಬ್ಬನ ಬಳಿ ಮೂರರ ಬದಲು ಎರಡೇ ಬಂದೂಕು ಎಂದೂ, ಪರವಾನಗಿಯ ಅವಧಿ ಮೂರರ ಬದಲು ಐದು ವರ್ಷ ಎಂದೂ ಮಾಡಿತು.

ಪರವಾನಗಿ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಕೊಳ್ಳುವುದೇನು?

ಸಿನಿಮಾದಲ್ಲಿ ನಾಯಕ ಸೊಂಟದಿಂದ ಎಳೆಯುವ 9 ಎಂ.ಎಂ. ಪಿಸ್ತೂಲು ಇಲ್ಲಿ ಜನಸಾಮಾನ್ಯರಿಗೆ ನಿಷಿದ್ಧ. ಅದು ಪೊಲೀಸ್, ಸೇನೆಗಳ ಗುಂಡಿನ ಅಳತೆ. ಸಾಮಾನ್ಯ ಪರವಾನಗಿದಾರನಿಗೆ ಉಳಿಯುವುದು ಬಹುಮಟ್ಟಿಗೆ ಪಾಯಿಂಟ್ 32 ಅಳತೆಯ ರಿವಾಲ್ವರ್ ಅಥವಾ ಪಿಸ್ತೂಲು, ಇಲ್ಲವೆ ಅದಕ್ಕೂ ಕಿರಿದಾದ ಪಾಯಿಂಟ್ 22. ವಿದೇಶಿ ಬಂದೂಕುಗಳ ಆಮದು 1980ರ ದಶಕದ ನಡುವಿನಿಂದಲೇ ನಿಂತಿರುವುದರಿಂದ, ಹಳೆಯ ಕೈಗಳಿಂದ ಕೈಗೆ ಬರುವ ವಿಲಾಯತಿ ಪಿಸ್ತೂಲುಗಳ ಬೆಲೆ ಕೇಳಿದರೆ ತೋಟದ ಒಂದು ಪಾಲೇ ಹೋಗಬೇಕು. ಬಹುಕಾಲ ಸರ್ಕಾರಿ ಕಾರ್ಖಾನೆಗಳ ಮಾಲೇ ಗತಿಯಾಗಿತ್ತು. ದೆಹಲಿಯ 2012ರ ಘೋರ ಪ್ರಕರಣದ ನಂತರ, ಕಾನ್ಪುರದ ಕಾರ್ಖಾನೆ 2014ರ ಜನವರಿಯಲ್ಲಿ 'ನಿರ್ಭೀಕ್' ಎಂಬ ಹಗುರ ರಿವಾಲ್ವರನ್ನು ಹೆಂಗಸರಿಗಾಗಿ ಎಂದೇ ಹೊರತಂದಿತು. ಟೈಟಾನಿಯಂ ಮಿಶ್ರಲೋಹದ್ದು, ತೂಕ ಅರ್ಧ ಕಿಲೋ, ಆರು ಗುಂಡು, ಆಗಿನ ಬೆಲೆ ಒಂದು ಲಕ್ಷ ಇಪ್ಪತ್ತು ಸಾವಿರದ ಮೇಲೆ. ಅಷ್ಟು ದುಡ್ಡು ಕೊಟ್ಟು ಕೊಳ್ಳಬಲ್ಲ ಹೆಣ್ಣುಮಗಳು ರಾತ್ರಿ ಬಸ್ಸಿನಲ್ಲಿ ಒಬ್ಬಳೇ ಯಾಕೆ ಹೋದಾಳು ಎಂದು ಆಗಲೇ ಹಲವರು ಕೇಳಿದ್ದರು. 2021ರಲ್ಲಿ ಆರ್ಡ್‌ನೆನ್ಸ್ ಕಾರ್ಖಾನೆಗಳ ಮಂಡಳಿ ಏಳು ಸರ್ಕಾರಿ ಕಂಪನಿಗಳಾಗಿ ಒಡೆಯಿತು. ಅವುಗಳಲ್ಲಿ ಕಾನ್ಪುರದ ಕಂಪನಿ 2023ರಲ್ಲಿ 'ಪ್ರಬಲ್' ಎಂಬ, ಸ್ವಲ್ಪ ಭಾರದ, ಇನ್ನಷ್ಟು ದೂರ ಹೋಗುವ ರಿವಾಲ್ವರನ್ನು ಮಾರುಕಟ್ಟೆಗೆ ಬಿಟ್ಟಿತು.

ರಿವಾಲ್ವರೋ ಪಿಸ್ತೂಲೋ ಎಂಬ ಚರ್ಚೆ ಮೋಟಾರು ಸೈಕಲ್ ಕೊಳ್ಳುವಾಗಿನ ಚರ್ಚೆಯಷ್ಟೇ ಹಳೆಯದು. ರಿವಾಲ್ವರಿನಲ್ಲಿ ತಿರುಗುವ ಗುಂಡಿನ ಗಾಲಿ ಇರುತ್ತದೆ. ಸರಳ, ಕಣ್ಣಿಗೆ ಕಾಣುವ ಯಂತ್ರ. ಒಂದು ಗುಂಡು ಸಿಡಿಯದಿದ್ದರೆ ಮತ್ತೊಮ್ಮೆ ಕುದುರೆ ಒತ್ತಿದರೆ ಗಾಲಿ ತಿರುಗಿ ಮುಂದಿನದು ಬರುತ್ತದೆ. ಆದರೆ ಗಾಲಿಯ ಹೊಟ್ಟೆ ದಪ್ಪ, ಅಂಗಿಯ ಕೆಳಗೆ ಉಬ್ಬಿ ಕಾಣುತ್ತದೆ. ಪಿಸ್ತೂಲು ಚಪ್ಪಟೆ, ಮೈಗೆ ಅಂಟಿಕೊಂಡಂತೆ ಕೂರುತ್ತದೆ. ಆದರೆ ಅದರ ಗುಂಡಿನ ಪೆಟ್ಟಿಗೆ, ಸ್ಪ್ರಿಂಗು, ಸರಿಯುವ ಮೇಲ್ಭಾಗ ಎಲ್ಲ ಶುಚಿಯಾಗಿರಬೇಕು, ಬಳಸುವ ಕೈಗೆ ಅಭ್ಯಾಸ ಬೇಕು. ಪೆಟ್ಟಿಗೆ ಹೊರತೆಗೆದ ಮೇಲೂ ನಳಿಗೆಯಲ್ಲಿ ಒಂದು ಗುಂಡು ಉಳಿದಿರಬಹುದು ಎಂಬುದನ್ನು ಮರೆತು ಆದ ಅನಾಹುತಗಳು ಜಗತ್ತಿನ ಎಲ್ಲ ಕಡೆಯೂ ಇವೆ. ಎರಡಕ್ಕೂ ಒಂದು ಸಮಾನ ಸಂಕಟ ಇದೆ. ಆಯುಧ ಸಣ್ಣದಾದಷ್ಟೂ ಒಯ್ಯುವುದು ಸುಲಭ, ಗುರಿ ಹಿಡಿಯುವುದು ಕಷ್ಟ. ನಳಿಗೆ ಗಿಡ್ಡ, ಹಿಡಿ ಗಿಡ್ಡ, ಸಿಡಿದಾಗ ಕೈಯಲ್ಲಿ ಜಿಗಿಯುವುದು ಹೆಚ್ಚು. ತಿಂಗಳಿಗೊಮ್ಮೆಯಾದರೂ ಅಭ್ಯಾಸ ಮಾಡದವನ ಕೈಯಲ್ಲಿ ಅದು ಹತ್ತು ಹೆಜ್ಜೆಯಾಚೆಗಿನ ತೆಂಗಿನ ಬೊಡ್ಡೆಗೂ ತಾಗುತ್ತದೆನ್ನುವ ಹಾಗಿಲ್ಲ. ತೋಟದಲ್ಲಿ ಮರಕ್ಕೆ ಗುರಿಯಿಟ್ಟು ಕಲಿಯುತ್ತೇನೆಂದರೆ ಪಕ್ಕದ ತೋಟದಲ್ಲಿ ಕಾಯಿ ಆಯುವವರಿದ್ದಾರೆ!

ಮತ್ತೆ ಉಡುಪಿನ ಪ್ರಶ್ನೆ. ಇದನ್ನು ಯಾವ ಕಂಪನಿಯೂ ಯೋಚಿಸಿಲ್ಲ. ಅಡಗಿಸಿ ಒಯ್ಯುವ ಪಿಸ್ತೂಲಿನ ಕಲ್ಪನೆ ಪ್ಯಾಂಟು, ಗಟ್ಟಿ ಬೆಲ್ಟು, ಕೋಟು ಇರುವ ದೇಶದ್ದು. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಬಟ್ಟೆಯೊಳಗೆ ಪಿಸ್ತೂಲು ಇಟ್ಟುಕೊಂಡೇ ಜನ ಅಂಗಡಿ ಮುಂಗಟ್ಟಿಗೆ ಹೋಗುತ್ತಾರೆ, ಅದಕ್ಕೆ ತಕ್ಕ ಚರ್ಮದ ಚೀಲಗಳ ದೊಡ್ಡ ವ್ಯಾಪಾರವೇ ಅಲ್ಲಿದೆ. ಸಂಪಿಗೆಯ ತೋಟದವನು ಉಡುವುದು ಪಂಚೆ ಅಥವಾ ಲುಂಗಿ. ಅವನ ಅತಿ ಗುಪ್ತ ಸ್ಥಳವೆಂದರೆ ಪಟಾಪಟಿ ಚಡ್ಡಿಯ ಜೇಬು, ನೋಟಿನ ಕಟ್ಟು ಇರುವುದು ಅಲ್ಲಿ. ಅರ್ಧ ಕಿಲೋ ಎಂದರೆ ಸುಲಿದ ಒಂದು ಒಳ್ಳೆಯ ಕಾಯಿಯ ತೂಕ. ಒಂದು ಕಾಯಿಯನ್ನು ಚಡ್ಡಿ ಜೇಬಿನಲ್ಲಿ ಇಟ್ಟುಕೊಂಡು ಬದುವಿನ ಮೇಲೆ ನಡೆದು, ಪಂಪ್‌ಸೆಟ್ಟಿನ ಗುಂಡಿಗೆ ಇಳಿದು, ಮಟ್ಟೆ ರಾಶಿಯ ಮೇಲೆ ಕೂತು ನೋಡಿದರೆ ತಿಳಿಯುತ್ತದೆ. ನಿಯಮ ಬಯಸುವುದೂ ಬೇರೆಯೇ. ಸಾರ್ವಜನಿಕ ಜಾಗದಲ್ಲಿ ಒಯ್ಯುವಾಗ ಪಿಸ್ತೂಲು ತಕ್ಕ ಚೀಲದೊಳಗೆ ಪೂರ್ತಿ ಮುಚ್ಚಿಕೊಂಡು, ಒಯ್ಯುವವನ ಹತೋಟಿಯಲ್ಲಿ ಇರಬೇಕು. ಬೆವರು, ಮಟ್ಟೆಯ ನಾರಿನ ಧೂಳು, ಮಳೆಗಾಲದ ತೇವ, ಮೂರೂ ಸೇರಿದರೆ ತುಕ್ಕು ಹಿಡಿಯಲು ಬಹಳ ದಿನ ಬೇಡ.

ಒಯ್ಯಬಾರದ ಜಾಗಗಳೂ ಇವೆ. ಜಾತ್ರೆ, ದೇವರ ಮೆರವಣಿಗೆ, ಜನ ಸೇರುವ ಸಭೆ, ಶಾಲೆ ಕಾಲೇಜುಗಳ ಆವರಣ, ಇವುಗಳಿಗೆ ಆಯುಧ ತರಕೂಡದು ಎಂಬುದು ಪರವಾನಗಿಯ ಷರತ್ತು. ಮಗಳ ಕಾಲೇಜಿನ ಪೋಷಕರ ಸಭೆಗೆ ಬರುವ ತಂದೆ ಅದನ್ನು ಎಲ್ಲಿ ಬಿಟ್ಟುಬರಬೇಕು? ಬೈಕಿನ ಡಿಕ್ಕಿಯಲ್ಲೆ? ರಥೋತ್ಸವದ ದಿನ, ಮದುವೆಯ ದಿನ, ಎಂದರೆ ಮನೆಯಿಂದ ಚಿನ್ನ ಹೊರಬರುವ ದಿನಗಳಲ್ಲೇ, ಪಿಸ್ತೂಲು ಮನೆಯಲ್ಲಿ ಉಳಿಯಬೇಕು. ಮದುವೆಯಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸುವ ಉತ್ತರದ ಚಾಳಿಗೆ 2019ರ ತಿದ್ದುಪಡಿ ಎರಡು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ ಎಂದಿದೆ. ನಮ್ಮ ಸೀಮೆಗೆ ಆ ರೋಗ ಹೆಚ್ಚಾಗಿ ಬಂದಿಲ್ಲ, ಪುಣ್ಯ. ಇನ್ನು ಚುನಾವಣೆ ಬಂತೆಂದರೆ ಆಯುಧಗಳನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯಿರಿ ಎಂಬ ಆದೇಶ ಹೊರಡುತ್ತದೆ. ವಿಧಾನಸಭೆ, ಲೋಕಸಭೆ, ಪಂಚಾಯಿತಿ ಎಂದು ಐದು ವರ್ಷದಲ್ಲಿ ಎಷ್ಟು ಸಲ ಎಂದು ಕೋವಿ ಇಟ್ಟವರನ್ನು ಕೇಳಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿ ಇದೆ, 2029ರ ತನಕ ಅದು ಮುಂದುವರಿದಿದೆ, ಹೈಕೋರ್ಟು 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಆದರೆ ಅದು ಕೋವಿಯನ್ನು ಪೂಜಿಸಿ, ಹುಟ್ಟು ಸಾವುಗಳಿಗೆ ಅದರ ಸದ್ದು ಮೊಳಗಿಸಿ ಬದುಕಿದ ನಾಡಿನ ಮಾತು. ತೆಂಗಿನ ಸೀಮೆಯಲ್ಲಿ ಆಯುಧಪೂಜೆಯ ದಿನ ಕುಂಕುಮ ಹಚ್ಚಿಸಿಕೊಳ್ಳುವುದು ಮಚ್ಚು, ನೇಗಿಲು, ಟ್ರ್ಯಾಕ್ಟರು.

ನಿಜವಾದ ಪ್ರಶ್ನೆ ಕತ್ತಲಾದ ಮೇಲೆ ಏಳುತ್ತದೆ. ರಾತ್ರಿ ಎರಡು ಗಂಟೆ. ನಾಯಿ ಬೊಗಳುತ್ತದೆ. ಅಟ್ಟದ ಕಡೆ ಸದ್ದು. ಪಿಸ್ತೂಲು ಎಲ್ಲಿದೆ? ಗುಂಡು ತೆಗೆದು, ಬೀಗದೊಳಗೆ, ಬೇರೆಯವರ ಕೈಗೆ ಸಿಗದಂತೆ ಇಡಬೇಕೆಂಬುದು ನಿಯಮ, ವಿವೇಕವೂ ಅದೇ. ಹಾಗೆ ಇಟ್ಟರೆ ಕನ್ನಡಕ ಹುಡುಕಿ, ಬೀಗದ ಕೈ ಹುಡುಕಿ, ಗುಂಡು ತುಂಬುವ ಹೊತ್ತಿಗೆ ಕಳ್ಳ ಕೊಬ್ಬರಿ ಮೂಟೆಯೊಂದಿಗೆ ರಸ್ತೆ ಸೇರಿರುತ್ತಾನೆ. ಹಾಗೆ ಇಡದೆ, ತುಂಬಿಸಿ ದಿಂಬಿನ ಕೆಳಗೆ ಇಟ್ಟರೆ? ಬೇಸಿಗೆ ರಜಕ್ಕೆ ಮೊಮ್ಮಕ್ಕಳು ಬರುತ್ತಾರೆ. ಜಾತ್ರೆಯಲ್ಲಿ ಕೊಂಡ ಕೇಪಿನ ಪಿಸ್ತೂಲಿನಿಂದ ದಿನವಿಡೀ ಅಜ್ಜನನ್ನೂ ಅಜ್ಜಿಯನ್ನೂ ಹತ್ತು ಸಲ 'ಕೊಂದು' ನಗುವ ಮಕ್ಕಳು. ಅವರ ಕೈಗೆ ಆಟಿಕೆಗಿಂತ ಚೆಂದದ್ದೊಂದು ಸಿಕ್ಕರೆ ಎಂದು ಬರೆಯಲೂ ಕೈ ಬರುವುದಿಲ್ಲ. ದೊಡ್ಡ ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಪಿ.ಯು.ಸಿ. ಫಲಿತಾಂಶ, ಸಿಇಟಿ ಫಲಿತಾಂಶ ಬರುವ ವಾರಗಳಲ್ಲಿ ಮನೆಯ ಹಿರಿಯರು ಕ್ರಿಮಿನಾಶಕದ ಡಬ್ಬಿಯನ್ನೂ ಕಣ್ಣಿಗೆ ಬೀಳದಂತೆ ತೆಗೆದಿಡುವ ಕಾಲ ಇದು. ಮನಸ್ಸು ಕೆಟ್ಟ ಒಂದು ಗಳಿಗೆ ಹಾದುಹೋಗಲು ಮನುಷ್ಯನಿಗೆ ಸಮಯ ಬೇಕು, ತುಂಬಿದ ಪಿಸ್ತೂಲು ಆ ಸಮಯ ಕೊಡುವುದಿಲ್ಲ.

ಗುಂಡು ಹಾರಿಸಿದರೆ ಮುಂದೇನು ಎಂಬುದೂ ಇದೆ. ಆತ್ಮರಕ್ಷಣೆಯ ಹಕ್ಕು ಕಾನೂನಿನಲ್ಲಿ ಉಂಟು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಹಳೆಯ ದಂಡ ಸಂಹಿತೆಯಿಂದ ಅದು ಹಾಗೆಯೇ ಬಂದಿದೆ. ಸುಲಿಗೆಯಾದರೆ, ರಾತ್ರಿ ಮನೆ ಮುರಿದು ಒಳನುಗ್ಗಿದರೆ, ಆ ಹಕ್ಕು ಪ್ರಾಣ ತೆಗೆಯುವ ತನಕವೂ ಹೋಗಬಹುದು. ಆದರೆ ಬರಿಯ ಕಳವು ಬೇರೆ. ತೋಟದಲ್ಲಿ ಕಾಯಿ ಆಯ್ದು ಚೀಲಕ್ಕೆ ತುಂಬುತ್ತಿರುವವನು, ಓಡಿಹೋಗುತ್ತಿರುವವನು, ಜೀವಕ್ಕೆ ಭಯ ಒಡ್ಡದವನು, ಇವನ ಮೇಲೆ ಗುಂಡು ಹಾರಿಸಿದರೆ ಆರೋಪಿಯ ಕಟಕಟೆಯಲ್ಲಿ ನಿಲ್ಲುವವನು ತೋಟದ ಯಜಮಾನ. ಕತ್ತಲಲ್ಲಿ ಇವರಿಬ್ಬರ ವ್ಯತ್ಯಾಸ ತಿಳಿಯಬೇಕು. ಕಾಯಿ ಕದಿಯಲು ಬಂದವನು ಹತ್ತು ಸಲ ಇದೇ ತೋಟದಲ್ಲಿ ಕೂಲಿ ಮಾಡಿದ ಊರ ಹುಡುಗನೇ ಇರಬಹುದು.

ಚಿರತೆಯ ಮಾತು ಕೂಡ ಪಿಸ್ತೂಲಿನ ಜೊತೆಗೇ ಬರುತ್ತದೆ. 2019ರ ಕೊನೆಯಿಂದ 2020ರ ಮೊದಲ ತಿಂಗಳುಗಳ ತನಕ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಮಕ್ಕಳೂ ಸೇರಿ ಹಲವರು ಚಿರತೆಗೆ ಬಲಿಯಾದರು. ಸಂಜೆ ಆರರ ಮೇಲೆ ಮಕ್ಕಳನ್ನು ಅಂಗಳಕ್ಕೆ ಬಿಡದ ದಿನಗಳವು. ಆಗ ಬಂದೂಕಿನ ಆಸೆ ಯಾರಿಗಾದರೂ ಹುಟ್ಟಿದ್ದರೆ ತಪ್ಪು ಎನ್ನಲಾಗದು. ಆದರೆ ಚಿರತೆ ಎದುರು ಬಂದು ನಿಂತು ಗುರಿಯಿಡಲು ಬಿಡುವ ಪ್ರಾಣಿಯಲ್ಲ. ಬೇಲಿ ಮರೆಯಿಂದ, ಬಗ್ಗಿ ಕೆಲಸ ಮಾಡುವವರ ಮೇಲೆ, ಹಿಂದಿನಿಂದ ಎರಗುತ್ತದೆ. ಪಾಯಿಂಟ್ 32ರ ಸಣ್ಣ ಗುಂಡು ತಾಗಿ ಗಾಯಗೊಂಡ ಚಿರತೆ ಮೊದಲಿನದಕ್ಕಿಂತ ಅಪಾಯಕಾರಿ. ವನ್ಯಜೀವಿ ಕಾಯ್ದೆ ಪ್ರಾಣರಕ್ಷಣೆಗಾಗಿ ಮಾಡಿದ್ದನ್ನು ಕ್ಷಮಿಸುತ್ತದೆ, ಬೇರೆಯದನ್ನು ಕ್ಷಮಿಸುವುದಿಲ್ಲ. ಆ ದಿನಗಳಲ್ಲಿ ಹಳ್ಳಿಗಳು ಕೇಳಿದ್ದು ಬೋನು, ಬೀದಿದೀಪ, ಶಾಲೆಗೆ ಹೋಗುವ ಮಕ್ಕಳಿಗೆ ಗುಂಪು. ಅವೇ ಹೆಚ್ಚು ಉಪಯೋಗಕ್ಕೂ ಬರುವಂಥವು.

ತಿಪಟೂರಿನ ಮಾರುಕಟ್ಟೆಯನ್ನೊಮ್ಮೆ ಹೊಕ್ಕು ಬಂದರೆ ಇನ್ನೊಂದು ಸಂಗತಿ ಕಾಣುತ್ತದೆ. ಹಿಂದೆ ಹರಾಜು ಮುಗಿಸಿಕೊಂಡು ಬರುವ ರೈತನ ಚೀಲದಲ್ಲಿ ನೋಟಿನ ಕಟ್ಟುಗಳಿರುತ್ತಿದ್ದವು, ವ್ಯಾಪಾರಿಯ ಪೆಟ್ಟಿಗೆಯಲ್ಲಿ ಇನ್ನೂ ಹೆಚ್ಚು. ಸಂಪಿಗೆ, ಬಾಣಸಂದ್ರದ ಕಡೆ ಕತ್ತಲಲ್ಲಿ ಹಿಂತಿರುಗುವವನಿಗೆ ಪ್ರತಿ ಮರವೂ ಒಬ್ಬ ಮನುಷ್ಯನ ಹಾಗೆ ಕಾಣುತ್ತಿದ್ದ ಕಾಲ ಅದು. ಸಣ್ಣ ಪಿಸ್ತೂಲಿಗೆ ಏನಾದರೂ ಅರ್ಥವಿದ್ದಿದ್ದರೆ ಆಗ ಇತ್ತು. ಈಗ ಟೆಂಡರು ಕಂಪ್ಯೂಟರಿನಲ್ಲಿ, ಹಣದ ದೊಡ್ಡ ಪಾಲು ಬ್ಯಾಂಕಿನ ಖಾತೆಗೆ. ದೋಚುವವನೂ ಬದಲಾಗಿದ್ದಾನೆ. ಅವನು ಬೇಲಿ ಹಾರಿ ಬರುವುದಿಲ್ಲ, ಫೋನು ಮಾಡಿ ಓಟಿಪಿ ಕೇಳುತ್ತಾನೆ. ಅವನೆದುರು ಕಾನ್ಪುರದ ಯಾವ ಮಾಲೂ ಕೆಲಸಕ್ಕೆ ಬಾರದು. ಅಪ್ಪನಿಗೆ ಆ ಓಟಿಪಿಯ ವಿಷಯ ತಿಳಿಸಿ ಹೇಳಬೇಕಾದವನು ಹಾಸ್ಟೆಲಿನ ಮಗ.

ಅಟ್ಟದ ಮೇಲಿನ ಕೊಬ್ಬರಿ ಮಾತ್ರ ಇನ್ನೂ ಹೊತ್ತುಕೊಂಡು ಹೋಗಬಹುದಾದ ಹಣವೇ. ಅದಕ್ಕೆ ಈ ಸೀಮೆಯವರು ತಮ್ಮದೇ ಉಪಾಯ ಹೂಡುತ್ತಾರೆ. ಕೆಲವರು ಕಾಯಿಯನ್ನು ತೋಟದಲ್ಲಿ ಬಿಡದೆ ಊರೊಳಗಿನ ಹಳೆಯ ಮನೆಯ ಅಟ್ಟಕ್ಕೆ ಸಾಗಿಸುತ್ತಾರೆ. ಕೆಲವರು ಕ್ಯಾಮೆರಾ ಹಾಕಿಸಿದ್ದಾರೆ, ಕರೆಂಟು ಇರುವ ತನಕ ಅದು ನೋಡುತ್ತದೆ. ಒಂದರ ಬದಲು ಎರಡು ನಾಯಿ. ಅಂಗಳಕ್ಕೆ ಸೋಲಾರ್ ದೀಪ. ಪಕ್ಕದ ತೋಟದವರೊಡನೆ ಬದುವಿನ ವ್ಯಾಜ್ಯ ಇದ್ದರೂ ರಾತ್ರಿ ಕೂಗಿದರೆ ಓಡಿಬರುವ ಒಪ್ಪಂದ. 112ಕ್ಕೆ ಫೋನು ಮಾಡಿದರೆ ಪೊಲೀಸರು ಬರುತ್ತಾರೆ, ಆದರೆ ತೋಟದ ದಾರಿ ಹುಡುಕಿ ಬರುವಷ್ಟರಲ್ಲಿ ನೆರೆಯವರು ಬಂದಿರುತ್ತಾರೆ.

ಸಂಪಿಗೆಯ ಸುಧನ್ವನ ಕಥೆಗೆ ಒಂದು ಕೊನೆ ಇದೆ. ಎಣ್ಣೆಯಿಂದ ಎದ್ದುಬಂದವನು ಅರ್ಜುನನೆದುರು ನಿಲ್ಲುತ್ತಾನೆ. ಮೂರೇ ಬಾಣಗಳಲ್ಲಿ ನಿನ್ನ ತಲೆ ಇಳಿಸುತ್ತೇನೆ ಎಂದು ಅರ್ಜುನ, ಆ ಮೂರನ್ನೂ ಕತ್ತರಿಸುತ್ತೇನೆ ಎಂದು ಸುಧನ್ವ. ಇಬ್ಬರ ಮಾತೂ ಉಳಿಯಿತು. ಮೂರನೆಯ ಬಾಣವೂ ನಡುವೆ ತುಂಡಾಯಿತು, ಆದರೆ ಅದರ ಮುಂಭಾಗದ ಅರ್ಧ ತುಂಡು ಹಾರಿಬಂದು ಸುಧನ್ವನ ತಲೆ ತೆಗೆಯಿತು. ದೇವಾಲಯದ ಜಗಲಿಯಲ್ಲಿ ಹಿರಿಯರು ಈ ಭಾಗ ಹೇಳುವಾಗ ಮಕ್ಕಳು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ತಾತ, ಅವನ ಹೆಂಡ್ತಿ ಏನ್ಮಾಡಿದ್ಳು?"

ಸಂಜೆ ಅಮ್ಮಸಂದ್ರದ ಕಡೆಯಿಂದ ಗಾಡಿಯ ಕೂಗು ಕೇಳುತ್ತದೆ. ತೋಟದಿಂದ ಬಂದವನು ಮಚ್ಚನ್ನು ತೊಳೆದು, ಅಲಗಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ, ಬಾಗಿಲ ಹಿಂದಿನ ಮೊಳೆಗೆ ಮಕ್ಕಳ ಕೈಗೆಟುಕದಷ್ಟು ಎತ್ತರದಲ್ಲಿ ನೇತುಹಾಕುತ್ತಾನೆ. ಒಳಗೆ ಫೋನು ಬಡಿದುಕೊಳ್ಳುತ್ತದೆ. ಹಾಸ್ಟೆಲಿನಿಂದ ಮಗ. "ಊಟ ಆಯ್ತಾ ಮಗ?" ಎನ್ನುತ್ತಾಳೆ ತಾಯಿ. ಅಟ್ಟದ ಮೇಲೆ ಇಲಿಯೋ ಏನೋ ಓಡಿದ್ದಕ್ಕೆ ಒಣಗಿದ ಕಾಯಿಯೊಂದು ಉರುಳಿ, ಒಳಗಿನ ಕೊಬ್ಬರಿ ಗುಡುಗುಡು ಎನ್ನುತ್ತದೆ. ನಾಯಿ ಒಮ್ಮೆ ತಲೆಯೆತ್ತಿ ಮತ್ತೆ ಮಲಗುತ್ತದೆ.